ದಲ್ಲಾಳಿ ಬಿಟ್ಟುಕೊಡುವ ಅರ್ಧ ದಲಾಲಿ

ವಿಜಯಪುರದ ಸುತ್ತಮುತ್ತ ಮನೆಯನ್ನೋ ಪ್ಲಾಟನ್ನೋ ಹುಡುಕಿಕೊಂಡು ಅಲೆದವರಿಗೆ ಈ ಮಾತು ಹೊಸದೇನಲ್ಲ. ಮೂರು ನಾಲ್ಕು ಜಾಗ ತೋರಿಸಿ, ಚಹಾ ಕುಡಿಸಿ, ಗಿರಾಕಿ ಇನ್ನೂ ಹಿಂದೆ ಮುಂದೆ ನೋಡುತ್ತಿದ್ದಾನೆ ಎನಿಸಿದಾಗ ದಲ್ಲಾಳಿ ಹತ್ತಿರ ಸರಿದು ಮೆಲ್ಲಗೆ ಹೇಳುತ್ತಾನೆ: "ಕಾಕಾ, ನಿಮ್ಮ ಕಡಿಂದ ನನಗ ದಲಾಲಿ ಬ್ಯಾಡ. ಮಾಲಕರ ಕಡಿಂದ ಬರೂದ್ರಾಗ ಅರ್ಧಾ ನಿಮಗ ಕೊಡ್ತೀನಿ. ಯಾರ ಮುಂದೂ ಹೇಳಬ್ಯಾಡ್ರಿ, ಅಷ್ಟ."

ಕೇಳಿದವನಿಗೆ ಸಂತೋಷವಾಗುತ್ತದೆ. ಜೀವಮಾನದ ಉಳಿತಾಯವನ್ನೆಲ್ಲ ಒಂದೇ ಕಡೆ ಹಾಕುತ್ತಿರುವವನಿಗೆ ಇಪ್ಪತ್ತು ಮೂವತ್ತು ಸಾವಿರ ಮರಳಿ ಬಂದರೆ ಅದು ಬಾಗಿಲು ಕಿಟಕಿಗಾದರೂ ಆಯಿತು. ದಲ್ಲಾಳಿಯೂ ಒಳ್ಳೆಯ ಮನುಷ್ಯನಂತೆ ಕಾಣುತ್ತಾನೆ. ನಮ್ಮವನೇ ಆಗಿದ್ದರಂತೂ "ಭಾಯಿ ನಮ್ಮ ಸಲುವಾಗಿ ತನ್ನ ಪಾಲು ಬಿಟ್ಟ" ಎಂಬ ಹೊಗಳಿಕೆ ಬೇರೆ. ಆದರೆ ಆ ಮಾತಿನಲ್ಲಿ ಕೊನೆಯ ವಾಕ್ಯವೊಂದಿದೆ. ಯಾರ ಮುಂದೂ ಹೇಳಬೇಡಿ ಎಂಬುದು. ಒಳ್ಳೆಯ ಕೆಲಸವಾಗಿದ್ದರೆ ಅದನ್ನು ಮುಚ್ಚಿಡುವ ಅಗತ್ಯವೇನಿತ್ತು? ಯಾರಿಂದ ಮುಚ್ಚಿಡಬೇಕಾಗಿದೆ? ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿದೆ.

ಮೊದಲು ಲೆಕ್ಕ ನೋಡೋಣ. ಒಂದು ಪ್ಲಾಟಿನ ಬೆಲೆ 24 ಲಕ್ಷ ರೂಪಾಯಿ, ದಲಾಲಿ ಶೇ. 2 ಎಂದುಕೊಳ್ಳಿ. ಅಂದರೆ 48 ಸಾವಿರ. ಅರ್ಧ ಬಿಟ್ಟುಕೊಟ್ಟರೆ ಕೊಳ್ಳುವವನ ಕೈಗೆ 24 ಸಾವಿರ. ಈಗ ಇದೇ ದಲ್ಲಾಳಿ ಇನ್ನಷ್ಟು ಚೌಕಾಸಿ ಮಾಡಿ ಬೆಲೆಯನ್ನು ಒಂದು ಲಕ್ಷ ಇಳಿಸಿದ್ದರೆ ಏನಾಗುತ್ತಿತ್ತು? ಕೊಳ್ಳುವವನಿಗೆ ಒಂದು ಲಕ್ಷ ಉಳಿಯುತ್ತಿತ್ತು. ದಲ್ಲಾಳಿಗೆ ಆಗುತ್ತಿದ್ದ ನಷ್ಟ ಬರೀ ಎರಡು ಸಾವಿರ. ಎರಡು ಸಾವಿರ ಕಳೆದುಕೊಂಡು ಗಿರಾಕಿಗೆ ಒಂದು ಲಕ್ಷ ಉಳಿಸುವುದಕ್ಕಿಂತ 24 ಸಾವಿರವನ್ನೇ ಕೊಟ್ಟುಬಿಡುವುದು ಅವನಿಗೆ ಯಾಕೆ ಹಿತವಾಗಿ ಕಾಣುತ್ತದೆ? ಯಾಕೆಂದರೆ ಚೌಕಾಸಿಗೆ ದಿನ ಹಿಡಿಯುತ್ತದೆ. ದಿನ ಹಿಡಿದರೆ ಮಾಲೀಕನ ಮನಸ್ಸು ಬದಲಾಗಬಹುದು, ಕೊಳ್ಳುವವನು ವಕೀಲನ ಹತ್ತಿರ ಹೋಗಬಹುದು, ಇನ್ನೊಬ್ಬ ದಲ್ಲಾಳಿ ನಡುವೆ ಬರಬಹುದು. ಆಗ 48 ಸಾವಿರವೂ ಹೋಯಿತು. ಅವನಿಗೆ ಬೇಕಾಗಿರುವುದು ಇವತ್ತೇ ಸಂಚಕಾರ ಬೀಳುವುದು. ಆ 24 ಸಾವಿರ ಅವನು ಅವಸರಕ್ಕೆ ತೆರುವ ಬೆಲೆ.

ಇದು ನನ್ನ ಊಹೆಯಷ್ಟೇ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಶಿಕಾಗೋ ಪ್ರದೇಶದ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಗಿರಾಕಿಗಳ ಮನೆಗಿಂತ ಹತ್ತು ದಿನದಷ್ಟು ಹೆಚ್ಚು ಕಾಯುತ್ತಾರೆ, ಶೇ. 3ಕ್ಕಿಂತ ಹೆಚ್ಚಿನ ಬೆಲೆ ಪಡೆಯುತ್ತಾರೆ ಎಂದು ಅದು ತೋರಿಸಿತು. ತನ್ನ ಮನೆಗಾದರೆ ತಾಳ್ಮೆ, ಪರರ ಮನೆಗಾದರೆ ಅವಸರ. ಶಿಕಾಗೋದ ಏಜೆಂಟನಿಗೂ ಟಿಕೋಟಾ ರಸ್ತೆಯ ಏಜೆಂಟನಿಗೂ ಈ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿದ್ದಂತಿಲ್ಲ.

ಕಾನೂನು ಏನು ಹೇಳುತ್ತದೆ? ಇಲ್ಲೊಂದು ವಿಚಿತ್ರವಿದೆ. ವಿಮೆ ಮಾಡಿಸುವ ಏಜೆಂಟ್ ತನ್ನ ಕಮಿಷನ್‌ನಲ್ಲಿ ಪಾಲು ಕೊಟ್ಟು ಗಿರಾಕಿಯನ್ನು ಸೆಳೆಯುವುದು ನಮ್ಮ ದೇಶದಲ್ಲಿ ಅಪರಾಧ. 1938ರ ವಿಮಾ ಕಾಯ್ದೆಯ 41ನೇ ಕಲಮು ಅದನ್ನು ನಿಷೇಧಿಸುತ್ತದೆ. ಒಂದು ಕಾಲದಲ್ಲಿ ಐನೂರು ರೂಪಾಯಿ ಇದ್ದ ದಂಡದ ಮಿತಿಯನ್ನು 2015ರ ತಿದ್ದುಪಡಿ ಹತ್ತು ಲಕ್ಷಕ್ಕೆ ಏರಿಸಿತು. ಹಾಗಿದ್ದೂ ಮೊದಲ ಕಂತನ್ನು ಏಜೆಂಟೇ ತುಂಬಿದ ಪಾಲಿಸಿಗಳು ಎಷ್ಟು ಮನೆಗಳ ಕಪಾಟಿನಲ್ಲಿಲ್ಲ! ಅದಿರಲಿ. ಕನಿಷ್ಠ ಅಲ್ಲಿ ಕಾನೂನಿಗೆ ಒಂದು ನಿಲುವಿದೆ. ಮನೆ ನಿವೇಶನದ ವಿಷಯದಲ್ಲಿ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ಜನ ರೇರಾ ಎಂದು ಕರೆಯುವ ಕಾಯ್ದೆ, ಏಜೆಂಟರು ನೋಂದಣಿ ಮಾಡಿಸಬೇಕು, ನೋಂದಣಿಯಾಗದ ಯೋಜನೆಯ ಪ್ಲಾಟು ಮಾರಿಸಬಾರದು, ಲೆಕ್ಕಪತ್ರ ಇಡಬೇಕು, ಸುಳ್ಳು ಹೇಳಬಾರದು ಎನ್ನುತ್ತದೆ. ದಲ್ಲಾಳಿ, ಮಧ್ಯವರ್ತಿ, ಡೀಲರ್ ಎಂದು ಯಾವ ಹೆಸರಿನಿಂದ ಕರೆದರೂ ಆತ ಏಜೆಂಟನೇ ಎಂದು ವ್ಯಾಖ್ಯಾನ ಕೊಡುತ್ತದೆ. ಕರ್ನಾಟಕದಲ್ಲಿ ಇದರ ನಿಯಮಗಳು 2017ರ ಜುಲೈಯಲ್ಲಿ ಬಂದವು. ಆದರೆ ದಲಾಲಿ ಎಷ್ಟಿರಬೇಕು, ಅದನ್ನು ಇಬ್ಬರಿಂದಲೂ ತೆಗೆದುಕೊಳ್ಳಬಹುದೇ, ಅದರಲ್ಲಿ ಒಬ್ಬರಿಗೆ ಪಾಲು ಕೊಟ್ಟರೆ ಇನ್ನೊಬ್ಬರಿಗೆ ಹೇಳಬೇಕೇ ಎಂಬ ಬಗ್ಗೆ ಕಾಯ್ದೆ ಮೌನವಾಗಿದೆ. ಜೊತೆಗೆ, 500 ಚದರ ಮೀಟರಿಗಿಂತ ಹೆಚ್ಚಿಲ್ಲದ ಜಾಗದ ಯೋಜನೆಗೆ ನೋಂದಣಿ ಬೇಕಿಲ್ಲ. ರೈತನೊಬ್ಬ ಇನ್ನೊಬ್ಬನಿಗೆ ಹೊಲ ಮಾರುವ ವ್ಯವಹಾರವೂ ಅದರ ವ್ಯಾಪ್ತಿಯೊಳಗೆ ಬರುವುದಿಲ್ಲ. ಅಂದರೆ ಹಳ್ಳಿಯ ದಲ್ಲಾಳಿಯ ಮಟ್ಟಿಗೆ ರೇರಾ ಇದ್ದೂ ಇಲ್ಲ.

ಅವನಿಗೆ ಅನ್ವಯಿಸುವುದು ಹಳೆಯ ಕಾನೂನು. 1872ರ ಕರಾರು ಕಾಯ್ದೆಯ ಪ್ರಕಾರ ಏಜೆಂಟನು ತನ್ನನ್ನು ನೇಮಿಸಿದವನಿಗೆ ಲೆಕ್ಕ ಕೊಡಬೇಕು. ಆ ವ್ಯವಹಾರದಲ್ಲಿ ಅವನಿಗೆ ತಿಳಿಯದಂತೆ ಸ್ವಂತಕ್ಕೆ ಲಾಭ ಮಾಡಿಕೊಂಡರೆ ಅದನ್ನು ಕೇಳುವ ಹಕ್ಕು ನೇಮಿಸಿದವನಿಗಿದೆ. ಹಾಗಾದರೆ ನಮ್ಮ ಕಥೆಯ ದಲ್ಲಾಳಿಯನ್ನು ನೇಮಿಸಿದವರು ಯಾರು? ಹೊಲದ ಮಾಲೀಕನೇ? ಪ್ಲಾಟು ಕೊಳ್ಳುವವನೇ? ಈ ಪ್ರಶ್ನೆಯನ್ನು ನಮ್ಮ ಕಡೆ ಯಾರೂ ಕೇಳುವುದೇ ಇಲ್ಲ. ಇಬ್ಬರಿಗೂ ಅವನು ಬೇಕಾದವನು, ಇಬ್ಬರಿಗೂ ಅವನು ಯಾರೂ ಅಲ್ಲ. ಕಾಗದದ ಮೇಲೆ ಅವನ ಹೆಸರಿಲ್ಲ. ಖರೀದಿ ಪತ್ರದಲ್ಲಿ ಸಾಕ್ಷಿಯಾಗಿ ಸಹಿ ಹಾಕಿದ್ದರೂ ದಲ್ಲಾಳಿ ಎಂದು ಹಾಕಿರುವುದಿಲ್ಲ. ನಿಜವಾದ ಬೆಲೆಯೇ ಪತ್ರದಲ್ಲಿ ಕಾಣದ ವ್ಯವಹಾರಗಳು ಬೇಕಾದಷ್ಟಿವೆ. ಕಾಣದ ಬೆಲೆಯ ಮೇಲೆ ಕಾಣದ ದಲಾಲಿ, ಕಾಣದ ದಲಾಲಿಯಲ್ಲಿ ಕಾಣದ ಪಾಲು.

ಅಮೆರಿಕದಲ್ಲಿ ಇದೇ ವಿಷಯದ ಮೇಲೆ ಸರಕಾರವೇ ಕೋರ್ಟಿಗೆ ಹೋದದ್ದುಂಟು. ಏಜೆಂಟರು ಕೊಳ್ಳುವವರಿಗೆ ಕಮಿಷನ್‌ನಲ್ಲಿ ಪಾಲು ಮರಳಿಸುವುದನ್ನು ಅಲ್ಲಿಯ ಕೆಲವು ರಾಜ್ಯಗಳು ನಿಷೇಧಿಸಿದ್ದವು. 2005ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಕೆಂಟಕಿ ರಾಜ್ಯದ ರಿಯಲ್ ಎಸ್ಟೇಟ್ ಆಯೋಗದ ಮೇಲೆ ಮೊಕದ್ದಮೆ ಹೂಡಿ, ಇಂಥ ನಿಷೇಧ ಗಿರಾಕಿಗಳ ಹಿತಕ್ಕೆ ವಿರುದ್ಧ, ಅದು ಏಜೆಂಟರ ನಡುವಿನ ಪೈಪೋಟಿಯನ್ನು ಕೊಲ್ಲುತ್ತದೆ ಎಂದು ವಾದಿಸಿತು. ಆ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಅಲ್ಲಿ ಕಮಿಷನ್ ಎಷ್ಟು, ಯಾರು ಕೊಡುತ್ತಾರೆ, ಎಷ್ಟು ಮರಳುತ್ತದೆ ಎಂಬುದೆಲ್ಲ ಕಾಗದದಲ್ಲಿರುತ್ತದೆ. 2024ರ ಆಗಸ್ಟಿನಿಂದ ಅಲ್ಲಿಯ ಏಜೆಂಟರ ರಾಷ್ಟ್ರೀಯ ಸಂಘ ಒಪ್ಪಿಕೊಂಡ ಹೊಸ ಪದ್ಧತಿಯಂತೆ, ಕೊಳ್ಳುವವನಿಗೆ ಮನೆ ತೋರಿಸುವುದಕ್ಕೂ ಮೊದಲೇ ಏಜೆಂಟ್ ಅವನೊಡನೆ ಲಿಖಿತ ಒಪ್ಪಂದ ಮಾಡಿಕೊಂಡು ತನ್ನ ಕೂಲಿ ಎಷ್ಟೆಂದು ಹೇಳಬೇಕು. ಬೆಳಕಿನಲ್ಲಿ ಕೊಟ್ಟರೆ ಅದು ರಿಯಾಯಿತಿ. ನಮ್ಮಲ್ಲಿ ಅದೇ ಹಣ ಮಾಲೀಕನ ಬೆನ್ನ ಹಿಂದೆ ಕೈ ಬದಲಾಗುತ್ತದೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ದಲ್ಲಾಳಿ ಎಂಬ ಶಬ್ದವೇ ಅರಬಿ ಭಾಷೆಯಿಂದ ನಡೆದು ಬಂದದ್ದು. ದಾರಿ ತೋರಿಸುವವನು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಪದ ಅದು. ಅರಬರಲ್ಲಿ ಅದಕ್ಕೆ ಸಿಮ್‌ಸಾರ್ ಎಂಬ ಇನ್ನೊಂದು ಹೆಸರೂ ಇತ್ತು. ಮದೀನಾದ ಪೇಟೆಯಲ್ಲಿ ವ್ಯಾಪಾರ ಮಾಡುತ್ತಿದ್ದವರನ್ನು ಜನ ಆ ಹೆಸರಿನಿಂದಲೇ ಕರೆಯುತ್ತಿದ್ದರೆಂದೂ, ಪ್ರವಾದಿಯವರು(ಸ) ಅವರನ್ನು ವರ್ತಕರು ಎಂಬ ಅದಕ್ಕಿಂತ ಒಳ್ಳೆಯ ಹೆಸರಿನಿಂದ ಕರೆದು, ಕೊಡುಕೊಳ್ಳುವಿಕೆಯಲ್ಲಿ ಪೊಳ್ಳು ಮಾತು, ಆಣೆ ಪ್ರಮಾಣಗಳು ನುಸುಳುವುದರಿಂದ ದಾನದೊಂದಿಗೆ ಅದನ್ನು ಬೆರೆಸಿರೆಂದು ಉಪದೇಶಿಸಿದರೆಂದೂ ಹದೀಸ್ ಗ್ರಂಥಗಳಲ್ಲಿದೆ. ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸಲು ನಡುವೆ ಕೂಗು ಹಾಕುವವನನ್ನು ಅವರು ತಡೆದರು. ದೋಷ ಮುಚ್ಚಿಟ್ಟು ಮಾರುವುದನ್ನು ನಿಷಿದ್ಧವೆಂದರು.

ಇಬ್ನು ಅಬ್ಬಾಸ್(ರ) ಅವರ ಹೆಸರಿನಲ್ಲಿ ಎರಡು ಅಭಿಪ್ರಾಯಗಳು ಬಂದಿವೆ. ಎರಡೂ ಇಮಾಮ್ ಬುಖಾರಿಯವರ ಸಂಗ್ರಹದಲ್ಲಿವೆ. ಒಂದು: ಮಾಲೀಕನು ದಲ್ಲಾಳಿಗೆ, ಈ ಬಟ್ಟೆಯನ್ನು ಮಾರು, ಇಂತಿಷ್ಟರ ಮೇಲೆ ಬಂದದ್ದು ನಿನ್ನದು ಎಂದು ಹೇಳುವುದರಲ್ಲಿ ತಪ್ಪಿಲ್ಲ. ಇನ್ನೊಂದು: ಹೊರಗಿನಿಂದ ಸರಕು ತಂದ ಹಳ್ಳಿಗನಿಗಾಗಿ ಊರಿನವನು ಮಾರಾಟ ಮಾಡಬಾರದು ಎಂಬ ಪ್ರವಾದಿ ವಚನಕ್ಕೆ ಅವರು ಕೊಟ್ಟ ವಿವರಣೆ. ಊರಿನವನು ಅವನಿಗೆ ದಲ್ಲಾಳಿಯಾಗಬಾರದು ಎಂದೇ ಅದರ ಅರ್ಥ ಎಂದರು. ಒಂದು ಕಡೆ ಅನುಮತಿ, ಇನ್ನೊಂದು ಕಡೆ ತಡೆ. ಮೇಲುನೋಟಕ್ಕೆ ವಿರೋಧವೆನಿಸುತ್ತದೆ. ಎರಡನೆಯ ತಡೆಗೆ ಪೇಟೆಯ ಜನರಿಗೆ ಸರಕು ತುಟ್ಟಿಯಾಗಬಾರದೆಂಬ ಕಾರಣವನ್ನು ಫಿಕ್ಹ್ ಪಂಡಿತರು ಹೇಳುತ್ತ ಬಂದಿದ್ದಾರೆ. ಅದು ಸರಿಯೇ. ಆದರೆ ಎರಡನ್ನೂ ಒಟ್ಟಿಗಿಟ್ಟು ಓದಿದಾಗ ನನಗೆ ಇನ್ನೊಂದು ಎಳೆ ಕಾಣುತ್ತದೆ. ಮೊದಲನೆಯ ಪ್ರಸಂಗದಲ್ಲಿ ಮಾಲೀಕನಿಗೆ ತನ್ನ ಬಟ್ಟೆಯ ಬೆಲೆ ಗೊತ್ತು, ಷರತ್ತು ಹಾಕುವವನು ಅವನೇ. ಎರಡನೆಯದರಲ್ಲಿ ಹಳ್ಳಿಯಿಂದ ಬಂದವನಿಗೆ ಪೇಟೆ ಗೊತ್ತಿಲ್ಲ, ಪೇಟೆ ಗೊತ್ತಿರುವವನು ನಡುವೆ ನಿಲ್ಲುತ್ತಾನೆ. ಗೊತ್ತಿರುವವನು ಮತ್ತು ಗೊತ್ತಿಲ್ಲದವನ ನಡುವಿನ ಅಂತರವೇ ಅಲ್ಲಿ ಬಂಡವಾಳವಾಗುತ್ತದೆ.

"ಎಕರೆಕ್ಕ ನನಗ ಇಷ್ಟ ಬರ್ಲಿ, ಮ್ಯಾಲಿಂದು ನೀ ತಗೋ" ಎಂದು ನಮ್ಮ ರೈತರು ಹೇಳುವುದು ಅಕ್ಷರಶಃ ಮೊದಲನೆಯ ಮಾತೇ. ಅದು ಜಾಯಿಜ್ ಎಂದು ಹೇಳಿ ಸಮಾಧಾನ ಪಡುವವರು ಆ ರೈತನಿಗೆ ಬೆಲೆ ಗೊತ್ತಿತ್ತೇ ಎಂಬುದನ್ನು ಕೇಳಬೇಕು. ಕೃಷ್ಣೆಯ ನೀರು ಏತ ನೀರಾವರಿಯಿಂದ ಮೇಲೇರಿ ಬಬಲೇಶ್ವರ, ಟಿಕೋಟಾ ಭಾಗದ ಬರಡು ನೆಲವನ್ನು ಮುಟ್ಟಿದ ಮೇಲೆ ಇಲ್ಲಿಯ ಹೊಲದ ಬೆಲೆ ಹಳೆಯ ಲೆಕ್ಕಕ್ಕೆ ಸಿಗುತ್ತಿಲ್ಲ. ದ್ರಾಕ್ಷಿ ಬಂತು, ಒಣದ್ರಾಕ್ಷಿಯ ಶೆಡ್ಡುಗಳು ಬಂದವು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ರೈತರಲ್ಲದವರೂ ಕೃಷಿಭೂಮಿ ಕೊಳ್ಳುವ ದಾರಿ ತೆರೆಯಿತು. ಆಗ ಪಟ್ಟಣದಿಂದ ಕಾರುಗಳು ಬಂದವು. ಕಾರಿನ ಮುಂದಿನ ಸೀಟಿನಲ್ಲಿ ದಲ್ಲಾಳಿ. ಕಾಲುವೆ ಎಲ್ಲಿ ಹೋಗುತ್ತದೆ, ರಸ್ತೆ ಎಲ್ಲಿ ಅಗಲವಾಗುತ್ತದೆ ಎಂಬುದು ಅವನಿಗೆ ಮೊದಲೇ ಗೊತ್ತು.

ಹೊನವಾಡದ ಹೆಸರನ್ನು ಇಲ್ಲಿ ತೆಗೆಯಲೇಬೇಕು. ಟಿಕೋಟಾ ತಾಲ್ಲೂಕಿನ ಈ ಊರು 2024ರ ಅಕ್ಟೋಬರಿನಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಇಲ್ಲಿಯ ಸುಮಾರು 1,200 ಎಕರೆ ಹೊಲ ವಕ್ಫ್ ಆಸ್ತಿಯೆಂದು ದಾಖಲಾಗಲಿದೆ ಎಂಬ ಆತಂಕದಿಂದ ರೈತರು ಜಿಲ್ಲಾಡಳಿತದ ಮೊರೆಹೋದರು. ಅದರ ಮೇಲೆ ನಡೆದ ರಾಜಕಾರಣವನ್ನು ಇಲ್ಲಿ ಮತ್ತೆ ಹರಡಬೇಕಿಲ್ಲ, ಅದನ್ನು ಎಲ್ಲರೂ ಬೇಕಾದಷ್ಟು ಉಂಡಿದ್ದೇವೆ. ಆಗ ಜಿಲ್ಲಾ ಉಸ್ತುವಾರಿ ಸಚಿವರಾಗಿದ್ದ ಎಂ.ಬಿ. ಪಾಟೀಲರು ಕೊಟ್ಟ ವಿವರಣೆಯಷ್ಟೇ ನಮಗೆ ಬೇಕಾದದ್ದು. 1974ರ ಗೆಜೆಟ್ ಪ್ರಕಟಣೆಯಲ್ಲಿ ವಿಜಯಪುರದ ಮಹಲಬಾಗಾಯತ್ ಎಂಬ ಹೆಸರಿನ ಪಕ್ಕ ಕಂಸದೊಳಗೆ ಹೊನವಾಡ ಎಂಬ ಪದ ತಪ್ಪಾಗಿ ಸೇರಿಕೊಂಡಿತ್ತು. 1977ರಲ್ಲಿ ಅದನ್ನು ಸರಿಪಡಿಸಲಾಗಿತ್ತು. ಹೊನವಾಡದಲ್ಲಿ ವಕ್ಫ್ ಆಸ್ತಿ ಇರುವುದು 11 ಎಕರೆ, ಅದರಲ್ಲಿ ಬಹುಪಾಲು ಖಬರಸ್ತಾನ.

ಕಂಸದಲ್ಲಿ ಬಿದ್ದ ಒಂದು ಪದ. ಮೂರು ವರ್ಷಕ್ಕೆ ತಿದ್ದುಪಡಿಯಾಗಿದ್ದರೂ ಅದು ಊರವರಿಗೆ ತಿಳಿಯಲು ಅರ್ಧ ಶತಮಾನ ಹಿಡಿಯಿತು. ಇದರಲ್ಲಿ ನಮ್ಮ ಪಾಲಿನ ತಪ್ಪನ್ನೂ ಹೇಳಬೇಕು. ವಕ್ಫ್ ಸಂಸ್ಥೆಗಳು ತಮ್ಮ ದಾಖಲೆಗಳನ್ನು ಸರಿಯಾಗಿ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡಿದ್ದರೆ ಹೊನವಾಡದ ರೈತನೂ ನೆಮ್ಮದಿಯಿಂದ ಇರುತ್ತಿದ್ದ, ಖಬರಸ್ತಾನಕ್ಕೂ ಆ ಅಪವಾದ ತಟ್ಟುತ್ತಿರಲಿಲ್ಲ. ಅದೇ ದಿನಗಳಲ್ಲಿ ಇಂಡಿ ತಾಲ್ಲೂಕಿನ ಕೆಲವು ಸರ್ವೆ ನಂಬರುಗಳ ಉತಾರದ 11ನೇ ಕಾಲಂನಲ್ಲಿ ರೈತರಿಗೆ ತಿಳಿಸದೆ ವಕ್ಫ್ ಹೆಸರು ಸೇರಿತ್ತೆಂಬ ದೂರು ಎದ್ದಿತು. ನವೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ನೋಟಿಸುಗಳನ್ನು ಹಿಂಪಡೆಯುವಂತೆ ಆದೇಶಿಸಿದರು.

ದಲಾಲಿಯ ಮಾತಿಗೂ ಹೊನವಾಡಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಉತಾರದ 11ನೇ ಕಾಲಂನಲ್ಲಿ ಏನಿದೆ, ಪ್ಲಾಟಿಗೆ ಎನ್‌ಎ ಆಗಿದೆಯೇ, ಪಂಚಾಯಿತಿಯ ನಮೂನೆ 9 ಮತ್ತು 11 ಯಾರ ಹೆಸರಿನಲ್ಲಿವೆ, ಅಣ್ಣತಮ್ಮಂದಿರ ಪಾಲು ಆಗಿದೆಯೇ, ತಂಗಿಯರ ಸಹಿ ಬಿದ್ದಿದೆಯೇ, ಮಾಲೀಕ ಯಾವ ಬ್ಯಾಂಕಿಗೆ ಹೊಲ ಒತ್ತೆ ಇಟ್ಟಿದ್ದಾನೆ ಎಂಬ ಇವೆಲ್ಲ ಪ್ರಶ್ನೆಗಳಿಗೆ ಉತ್ತರ ತಿಳಿದಿರುವ ಒಬ್ಬನೇ ಮನುಷ್ಯ ಆ ದಲ್ಲಾಳಿ. ಊರೂರು ತಿರುಗಿ, ತಲಾಠಿ ಕಚೇರಿಯ ಮೆಟ್ಟಿಲು ತುಳಿದು ಅವನು ಗಳಿಸಿದ್ದು ಇದನ್ನೇ. ಕೊಳ್ಳುವವನಿಗೆ ಅವನಿಂದ ಬರಬೇಕಾದ ನಿಜವಾದ ಪಾಲು ಈ ತಿಳಿವಳಿಕೆಯದ್ದು. ಅದನ್ನು ಕೈಯಲ್ಲೇ ಹಿಡಿದುಕೊಂಡು 24 ಸಾವಿರ ರೂಪಾಯಿ ಕೊಟ್ಟರೆ ನಾವು ಅದನ್ನೇ ಔದಾರ್ಯವೆಂದು ತಿಳಿಯುತ್ತೇವೆ. ಹಣ ಕೈಗೆ ಬಂದ ಮೇಲೆ ಕಾಗದ ಕೇಳಲು ಬಾಯಿ ಬರುವುದಿಲ್ಲ. ಅರ್ಧ ದಲಾಲಿ ತಿಂದವನು ದಲ್ಲಾಳಿಯ ಜೊತೆಗಾರನಾಗಿಬಿಟ್ಟಿರುತ್ತಾನೆ. ನಾಳೆ ತಂಟೆ ಬಂದರೆ "ನೀವೂ ತಗೊಂಡೀರಲ್ಲ ಕಾಕಾ" ಎಂಬ ಮಾತು ಸಿದ್ಧವಿದೆ.

ನಮ್ಮ ಸಮುದಾಯದಲ್ಲಿ ಇದರ ಪೆಟ್ಟು ಇನ್ನೊಂದು ಬಗೆಯಲ್ಲಿ ಬೀಳುತ್ತದೆ. ಬಡ್ಡಿಯ ಭಯದಿಂದ ಬ್ಯಾಂಕಿನ ಸಾಲ ಬೇಡವೆನ್ನುವವರು ನಮ್ಮಲ್ಲಿ ಅನೇಕರು. ಇದ್ದ ಬಂಗಾರ ಮಾರಿ, ಅಳಿಯ ಗಲ್ಫಿನಿಂದ ಕಳಿಸಿದ್ದನ್ನು ಕೂಡಿಸಿ, ಚೀಟಿ ಎತ್ತಿ, ರೋಖ ಕೊಟ್ಟು ಮನೆ ಕೊಳ್ಳುತ್ತಾರೆ. ಆ ನಿಷ್ಠೆಯ ಬಗ್ಗೆ ನನಗೆ ಗೌರವವಿದೆ. ಆದರೆ ಬ್ಯಾಂಕು ಸಾಲ ಕೊಡುವ ಮೊದಲು ತನ್ನ ವಕೀಲನಿಂದ ಆಸ್ತಿಯ ಹಳೆಯ ಪತ್ರಗಳನ್ನೆಲ್ಲ ಓದಿಸುತ್ತದೆ, ಋಣಭಾರ ಪತ್ರ ತೆಗೆಸುತ್ತದೆ, ಅನುಮಾನ ಬಂದರೆ ಸಾಲವನ್ನೇ ನಿರಾಕರಿಸುತ್ತದೆ. ಬಡ್ಡಿಯನ್ನು ಬಿಟ್ಟವನು ಈ ತಪಾಸಣೆಯನ್ನೂ ಬಿಟ್ಟುಬಿಡುತ್ತಾನೆ. ಹರಾಮಿನಿಂದ ದೂರ ಉಳಿದವನ ಕೈಗೆ ನೂರು ರೂಪಾಯಿಯ ಬಾಂಡ್ ಕಾಗದದ ಮೇಲೆ ಬರೆದ ಪ್ಲಾಟು ಬಂದು ಬೀಳುತ್ತದೆ. ಇಂಥ ಕಾಗದದಿಂದಾಗಲಿ, ಜನರಲ್ ಪವರ್ ಆಫ್ ಅಟಾರ್ನಿಯಿಂದಾಗಲಿ ಆಸ್ತಿಯ ಒಡೆತನ ಬರುವುದಿಲ್ಲ, ನೋಂದಾಯಿತ ಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ವಕೀಲನಿಗೆ ಐದು ಹತ್ತು ಸಾವಿರ ಕೊಡಲು ಹಿಂಜರಿಯುವ ನಾವು ದಲ್ಲಾಳಿ ಕೊಟ್ಟ 24 ಸಾವಿರದಿಂದ ಖುಷಿಪಡುತ್ತೇವೆ. ಮಸೀದಿ ಕಮಿಟಿಗಳು ನಿಕಾಹ್‌ನ ದಫ್ತರ್ ಇಡುವಷ್ಟೇ ಆಸ್ಥೆಯಿಂದ, ಮನೆ ಕೊಳ್ಳುವವನಿಗೆ ಒಬ್ಬ ನಂಬಿಕಸ್ಥ ವಕೀಲನ ವಿಳಾಸ ಕೊಡುವ ವ್ಯವಸ್ಥೆ ಮಾಡಿದರೆ ಎಷ್ಟು ಮನೆಗಳು ಉಳಿದಾವು!

ದಲ್ಲಾಳಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಸಂಬಳವಿಲ್ಲ, ರಜೆಯಿಲ್ಲ. ಹತ್ತು ಗಿರಾಕಿಗಳಿಗೆ ಪೆಟ್ರೋಲ್ ಸುಟ್ಟು ಜಾಗ ತೋರಿಸಿದರೆ ಒಂದು ವ್ಯವಹಾರ ಕೂಡುತ್ತದೆ. ಕೂಡಿದ ಮೇಲೆ ಮಾಲೀಕ ದಲಾಲಿ ಕೊಡದೆ ಕೈ ಎತ್ತಿದ್ದೂ, ಕೊಳ್ಳುವವನು ಬೆನ್ನ ಹಿಂದೆ ಮಾಲೀಕನ ಮನೆಗೇ ಹೋಗಿ ವ್ಯವಹಾರ ಮುಗಿಸಿದ್ದೂ ಉಂಟು. ಅರ್ಧ ಬಿಟ್ಟುಕೊಡುವ ಚಟವನ್ನು ಅವರಿಗೆ ಕಲಿಸಿದ್ದು ನಾವೇ, "ಆ ಏಜೆಂಟ್ ಇಷ್ಟು ಬಿಡ್ತಾನಂತ, ನೀ ಎಷ್ಟ ಬಿಡ್ತಿ?" ಎಂದು ಕೇಳಿ ಕೇಳಿ. ಬಹಿರಂಗವಾಗಿ, "ನನ್ನ ದಲಾಲಿ ಶೇ. 2, ನಿಮಗ ಶೇ. 1ಕ್ಕ ಮಾಡ್ತೀನಿ, ಮಾಲಕರಿಗೂ ಇದು ಗೊತ್ತದ" ಎನ್ನುವವನ ರಿಯಾಯಿತಿಯಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ. ಅಂಥವರೂ ಇದ್ದಾರೆ. ಉತಾರ ನೋಡಿ, "ಈ ಹೊಲಾ ಬ್ಯಾಡ್ರಿ, ಇದ್ರಾಗ ಪಾಲಿನ ತಂಟೆ ಅದ" ಎಂದು ತನ್ನ ದಲಾಲಿಯನ್ನೇ ಕಳೆದುಕೊಂಡವರೂ ಇದ್ದಾರೆ. ಅವರ ಹೆಸರು ಊರಿನಲ್ಲಿ ಬಹಳ ದಿನ ಉಳಿಯುತ್ತದೆ.

ಸಾಲದ ವ್ಯವಹಾರವನ್ನು ಬರೆದಿಡಿ, ಇಬ್ಬರು ಸಾಕ್ಷಿಗಳಿರಲಿ ಎಂದು ಕುರ್‌ಆನ್‌ನ ಅತಿ ಉದ್ದದ ಸೂಕ್ತ ಆದೇಶಿಸುತ್ತದೆ. ಆ ರೀತಿಯನ್ನೇ ಇಲ್ಲಿಗೂ ತರಬಹುದು. ಸಂಚಕಾರದ ಕರಾರು ಪತ್ರದಲ್ಲಿ ಒಂದು ಸಾಲು ಹೆಚ್ಚಿಗೆ ಬರೆದರೆ ಸಾಕು: ದಲ್ಲಾಳಿ ಯಾರು, ಯಾರಿಂದ ಎಷ್ಟು ಪಡೆಯುತ್ತಾನೆ, ಯಾರಿಗೆ ಎಷ್ಟು ಮರಳಿಸುತ್ತಾನೆ. ಈ ಮಾತನ್ನು ಟಿಕೋಟಾ ಕಡೆಯ ಪರಿಚಯದ ದಲ್ಲಾಳಿಯೊಬ್ಬರ ಮುಂದೆ ಇಟ್ಟೆ. ಅವರು ನಕ್ಕು, ಚಹಾದ ಕಪ್ಪು ಕೆಳಗಿಟ್ಟು ಹೇಳಿದರು: "ಬರೀಲಿಕ್ಕೆ ನನ್ನದೇನೂ ತಕರಾರಿಲ್ಲ ನೋಡ್ರಿ. ನನ್ನ ಹೆಸರ ಬರದ್ರ, ಹೊಲದ ಖರೇ ರೇಟೂ ಬರೀಬೇಕಾಗ್ತದ. ಅದಕ್ಕ ಕೊಡಾವ್ರೂ ಒಪ್ಪೂದಿಲ್ಲ, ತಗೊಳ್ಳಾವ್ರೂ ಒಪ್ಪೂದಿಲ್ಲ. ಮೊದಲ ಅವರಿಬ್ಬರನ್ನ ಕೇಳ್ಕೊಂಡ ಬರ್ರಿ."